‘ನನ್ನ ಪತಿಯಾದ ಶ್ರೀಮತಿ’: ಕಾರವಾರದ ಒಂದು ವಕೀಲರ ಆಫೀಸಿಗೆ 5ಕ್ಕೆ 4 ಸ್ಟಾರ್

ಹೆಸರು ಹಾಕುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವಕೀಲರು ಜಾಹೀರಾತು ಮಾಡಿಕೊಳ್ಳುವ ಹಾಗಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ರಿವ್ಯೂ ಬರೆಯುತ್ತೇನೆ ಎಂದಾಗ ಅಲ್ಲಿನ ವಕೀಲೆ ಮೇಡಂ “ಬರಿ ಮಾರಾಯ್ತಿ, ಬೋರ್ಡಿನ ಫೋಟೋ ಮಾತ್ರ ಹಾಕಬೇಡ” ಎಂದರು. ಅದೂ ಅಲ್ಲದೆ ನಾನು ಅವರ ಆಫೀಸಿನ ತಪ್ಪುಗಳನ್ನೂ ಬರೆಯುವವಳು, ಹಾಗಾಗಿ ಹೆಸರಿಲ್ಲದಿರುವುದೇ ಇಬ್ಬರಿಗೂ ಕ್ಷೇಮ. ಇಷ್ಟು ಸಾಕು: ಕಾರವಾರ, ಕೋರ್ಟಿನಿಂದ ನಡೆದು ಹೋಗುವಷ್ಟು ದೂರ, ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಇವರ ಆಫೀಸು. ಮೆಟ್ಟಿಲು ಬಹಳ ಕಡಿದು. ಮಳೆಗಾಲದಲ್ಲಿ ಕಂಬಿ ಹಿಡಿದು ಹತ್ತಿ.

ಹೋಗಿದ್ದು ಯಾವ ಕೆಲಸಕ್ಕೆ ಅಂದರೆ, ಕಾನೂನಿನಲ್ಲಿ ಮದುವೆಯಾಗಲು ಬಾರದ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕಾಗದ ಮಾಡಿಕೊಳ್ಳುವುದಕ್ಕೆ. ನಾನು ಶಿರಸಿ ಕಡೆಯ ಹಳ್ಳಿಯವಳು, ಇಲ್ಲಿ ಖಾಸಗಿ ಶಾಲೆಯಲ್ಲಿ ಟೀಚರ್. ನನ್ನ ಸಂಗಾತಿ, ಇವಳು, ಅಂಕೋಲೆಯವಳು, ಹೊಲಿಗೆ ಅಂಗಡಿ ಇದೆ. 2014ರಿಂದ ನಮ್ಮದು ಒಂದೇ ಮನೆ. ಓಣಿಯಲ್ಲಿ ಕೆಲವರಿಗೆ ನಾವು ಅಕ್ಕ-ತಂಗಿ, ಕೆಲವರಿಗೆ ಟೀಚರ್ ಮತ್ತು ಅವರ ಫ್ರೆಂಡ್, ಇನ್ನು ಕೆಲವರಿಗೆ ಎಲ್ಲ ಗೊತ್ತು ಆದರೆ ಕೇಳುವುದಿಲ್ಲ. ನಮ್ಮ ಕಡೆ ಇದೊಂದು ಸುಖ. ಯಾರೂ ಬಾಯಿ ಬಿಡದೇ ಇದ್ದರೆ ಬಂಗುಡೆಯೂ ಬರುತ್ತದೆ, ಚೌತಿಯ ಚಕ್ಕುಲಿಯೂ ಬರುತ್ತದೆ. ಬಾಯಿ ಬಿಡಬೇಕಾಗಿ ಬರುವುದು ಯಾವಾಗ ಅಂದರೆ, ಫಾರಂ ತುಂಬುವಾಗ.

ಕಳೆದ ಜುಲೈನಲ್ಲಿ ಒಂದು ರಾತ್ರಿ ಇವಳಿಗೆ ಹೊಟ್ಟೆನೋವು ಬಂತು. ಗ್ಯಾಸ್ಟ್ರಿಕ್ ಇರಬೇಕು ಎಂದು ಓಮದ ಕಷಾಯ ಕುಡಿಸಿದೆ. ಎರಡು ಗಂಟೆ ಹೊತ್ತಿಗೆ ಎದ್ದು ನಿಲ್ಲಲೂ ಆಗಲಿಲ್ಲ. ಆ ಮಳೆಯಲ್ಲಿ ಆಟೋದವರನ್ನು ಎಬ್ಬಿಸಿಕೊಂಡು ಹೋದೆವು. ಅಪೆಂಡಿಕ್ಸ್, ತಡ ಮಾಡುವ ಹಾಗಿಲ್ಲ ಎಂದರು. ಕೌಂಟರಿನಲ್ಲಿ ಕೊಟ್ಟ ಫಾರಂನಲ್ಲಿ ‘ರೋಗಿಗೆ ಸಂಬಂಧ’ ಎಂಬಲ್ಲಿ ನಾನು ‘ಮನೆಯವರು’ ಎಂದು ಬರೆದೆ. ಅಲ್ಲಿದ್ದ ಹುಡುಗ ಆ ಪದದ ಮೇಲೆ ಪೆನ್ನಿನ ತುದಿ ಇಟ್ಟು, “ಮನೆಯವರು ಅಂದ್ರೆ ಏನಾಗಬೇಕು?” ಎಂದ. ನಾನು ಸುಮ್ನೆ ನಿಂತೆ. “ರಕ್ತ ಸಂಬಂಧಿ ಯಾರಾದ್ರೂ ಬರ್ಲಿ ಮೇಡಂ, ಇಲ್ಲಾಂದ್ರೆ ನಾಳೆ ನಮಗೆ ತಾಪತ್ರಯ.” ಅಂಕೋಲೆಯಿಂದ ಅವಳ ಅಣ್ಣ ಬಂದ. ನಾಲ್ಕು ವರ್ಷದಿಂದ ನಮ್ಮ ಮನೆ ಮೆಟ್ಟಿಲು ಹತ್ತದವನು. ಬಂದು ಸಹಿ ಹಾಕಿದ. ಯಾವ ಮಾತ್ರೆ ಇವರಿಗೆ ಆಗುವುದಿಲ್ಲ ಎಂದು ನರ್ಸ್ ಕೇಳಿದಾಗ ಅವನು ನನ್ನ ಮುಖ ನೋಡಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆ ಒಂದೂವರೆ ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದರೆ ಆಸ್ಪತ್ರೆ ಒಂದೇ ಅಲ್ಲ. ಮನೆ ಇವಳ ಹೆಸರಲ್ಲಿದೆ, ಸಾಲದ ಕಂತು ಅರ್ಧ ನನ್ನದು. ನಾಳೆ ಏನಾದರೂ ಆದರೆ ನಾನು ಆ ಮನೆಗೆ ಬಾಡಿಗೆದಾರಳೂ ಅಲ್ಲ.

ಮೊದಲು ಶಿರಸಿಯಲ್ಲಿ ಪರಿಚಯದವರು ಹೇಳಿದರು ಎಂದು ಒಬ್ಬ ನೋಟರಿ ಹತ್ತಿರ ಹೋದೆ. ಅದರ ಬಗ್ಗೆ ಎರಡೇ ಮಾತು. ಛಾಪಾ ಕಾಗದದ ಮೇಲೆ ‘ಬಾಳಸಂಗಾತಿ ಒಪ್ಪಂದ’ ಎಂದು ಬರೆದು, ಸೀಲು ಒತ್ತಿ, ಇಬ್ಬರ ಫೋಟೋ ಅಂಟಿಸಿ, 8,000 ರೂಪಾಯಿ ತೆಗೆದುಕೊಂಡರು. “ಇದು ಮದುವೆ ಇದ್ದಂಗೇ” ಎಂದರು. ಚಂದ ಕಾಣುತ್ತಿತ್ತು, ನಾವು ಅದಕ್ಕೆ ಪ್ಲಾಸ್ಟಿಕ್ ಕವರ್ ಬೇರೆ ಹಾಕಿಸಿದೆವು. ಕಾರವಾರದ ಮೇಡಂ ಅದನ್ನು ಒಮ್ಮೆ ಓದಿ, ಮಡಚಿ, ನನ್ನ ಕೈಗೇ ವಾಪಸ್ ಕೊಟ್ಟು, “ನೋಟರಿಗೆ ಮದುವೆ ಮಾಡಿಸುವ ಅಧಿಕಾರ ಇಲ್ಲ ತಂಗಿ. ಗಂಡು-ಹೆಣ್ಣಿಗೇ ಇಲ್ಲ, ಇನ್ನು ನಿಮಗೆ ಎಲ್ಲಿಂದ?” ಎಂದರು. ಅಷ್ಟೇ. 8,000 ಹೋಯಿತು.

ಮೊದಲ ಸಲ ಹೋದಾಗ ಒಂದು ಗಂಟೆ ಕಾಯಿಸಿದರು. ಕಾಯುವ ಜಾಗದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನ್, ಜಮೀನು ಜಗಳದ ಎರಡು ಕುಟುಂಬ. ಆ ಎರಡು ಕುಟುಂಬವೂ ಒಂದೇ ಕುಟುಂಬ ಎಂದು ಆಮೇಲೆ ಗೊತ್ತಾಯಿತು, ಅಣ್ಣ ತಮ್ಮ. ಒಳಗೆ ಹೋದ ಮೇಲೆ ಮಾತ್ರ ಮೇಡಂ ಅವಸರ ಮಾಡಲಿಲ್ಲ. ಐವತ್ತೈದು ದಾಟಿದವರು, ಕನ್ನಡಕ ಹಣೆಗೆ ಏರಿಸಿಕೊಂಡು ಮಾತಾಡುತ್ತಾರೆ. ನೀವು ಯಾರು, ಯಾಕೆ ಹೀಗೆ, ಮನೆಯವರು ಏನು ಹೇಳುತ್ತಾರೆ, ಇದ್ಯಾವುದೂ ಕೇಳಲಿಲ್ಲ. ಕೇಳಿದ್ದು ಒಂದೇ: “ನಿಮ್ಮಲ್ಲಿ ಯಾರು ಮೊದಲು ಹೋದರೆ ಯಾರು ಬೀದಿಗೆ ಬರ್ತೀರಿ?”

ನಾನು ಹೋಗುವ ಮೊದಲು ಸ್ವಲ್ಪ ಓದಿಕೊಂಡೇ ಹೋಗಿದ್ದೆ. ಸುಪ್ರೀಂ ಕೋರ್ಟಿನಲ್ಲಿ ನಡೆದ ಸಲಿಂಗ ಮದುವೆಯ ಸುಪ್ರಿಯೋ ಕೇಸನ್ನು ನಾನು ದಿನ ದಿನ ನೋಡಿದವಳು. ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ದಂಗ್ ಎಂಬ ಗಂಡಸರ ಜೋಡಿ ಹಾಕಿದ ಅರ್ಜಿ, ಅದರ ಜೊತೆ ಇನ್ನೂ ಹಲವು ಅರ್ಜಿಗಳು. 2023ರ ಏಪ್ರಿಲ್ 18ಕ್ಕೆ ಐವರು ನ್ಯಾಯಮೂರ್ತಿಗಳ ಮುಂದೆ ವಾದ ಶುರುವಾಯಿತು, 10 ದಿನ ನಡೆಯಿತು, ಎಲ್ಲ ನೇರ ಪ್ರಸಾರ. ನಮಗೆ ಬೇಸಿಗೆ ರಜೆ. ನಾನು ಊರಲ್ಲಿ ಆಯಿಯ ಜೊತೆ ಹಲಸಿನ ಹಪ್ಪಳ ಮಾಡುತ್ತಾ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಆಯಿ “ಯಾವ ಪ್ರವಚನ ಅದು?” ಎಂದು ಕೇಳಿದ್ದಳು. ಕೋರ್ಟು ಎಂದೆ. “ಯಾರ ತೋಟದ್ದು?” ಎಂದಳು. ನಮ್ಮ ಕಡೆ ಕೋರ್ಟು ಎಂದರೆ ತೋಟದ ಗಡಿ ಬಿಟ್ಟು ಬೇರೆ ವಿಷಯ ಇರುವುದಿಲ್ಲ.

ಅವರು ಕೇಳಿದ್ದು ತೀರಾ ದೊಡ್ಡದೇನಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇದೆಯಲ್ಲ, ಜಾತಿ-ಧರ್ಮ ಬೇರೆಯಾದವರು ರಿಜಿಸ್ಟರ್ ಮದುವೆ ಆಗುವುದು, ಅದರಲ್ಲಿ ನಮ್ಮನ್ನೂ ಸೇರಿಸಿ ಎಂದು. ನನ್ನ ಚಿಕ್ಕಪ್ಪನ ಮಗ ಅದರಲ್ಲೇ ಮದುವೆಯಾದದ್ದು. 30 ದಿನ ನೋಟಿಸ್ ಬೋರ್ಡಿನಲ್ಲಿ ಹೆಸರು ತೂಗಿತು, ಮನೆಯಲ್ಲಿ ಸ್ವಲ್ಪ ರಾದ್ಧಾಂತ ಆಯಿತು, ಆಮೇಲೆ ಮೂವರು ಸಾಕ್ಷಿ, ಒಂದಷ್ಟು ಸಹಿ, ಒಂದು ಸರ್ಟಿಫಿಕೇಟು. ಆ ಒಂದು ಕಾಗದದ ಹಿಂದೆ ಆಸ್ಪತ್ರೆ, ಬ್ಯಾಂಕು, ಪಿಂಚಣಿ, ಮನೆ, ತೆರಿಗೆ ಎಲ್ಲ ಸಾಲಾಗಿ ತಾವೇ ಬಂದು ನಿಲ್ಲುತ್ತವೆ. ಅವನು ಅದರ ಬಗ್ಗೆ ಒಂದು ದಿನವೂ ಯೋಚಿಸಿಲ್ಲ. ಯೋಚಿಸಬೇಕಾಗಿಯೂ ಇಲ್ಲ.

ತೀರ್ಪು ಬಂದದ್ದು ಅದೇ ವರ್ಷ ಅಕ್ಟೋಬರ್ 17ಕ್ಕೆ, ನವರಾತ್ರಿಯ ಮೂರನೇ ದಿನ. ದಸರಾ ರಜೆ, ಇಬ್ಬರೂ ಮನೆಯಲ್ಲಿದ್ದೆವು. ಐವರು ನ್ಯಾಯಮೂರ್ತಿಗಳು, ನಾಲ್ಕು ತೀರ್ಪು. ಮೊದಲು ಓದಿದ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಮಾತು ಕೇಳಿ ಇವಳು ಒಲೆ ಸಣ್ಣ ಮಾಡಿ ಬಂದು ಕೂತಳು, ಗೆದ್ದೆವು ಎಂದುಕೊಂಡು. ಕೊನೆಗೆ ಕೂಡಿಸಿ ಕಳೆದು ನೋಡಿದರೆ: ಮದುವೆಯಾಗುವುದು ಮೂಲಭೂತ ಹಕ್ಕು ಅಲ್ಲ ಎಂಬುದಕ್ಕೆ ಐವರೂ ಒಪ್ಪಿದ್ದರು. ಮದುವೆ ಅಲ್ಲದಿದ್ದರೂ ಒಟ್ಟಿಗೆ ಬಾಳುವುದಕ್ಕೆ ಕಾನೂನಿನ ಮಾನ್ಯತೆ ಕೊಡಬೇಕು ಎಂದವರು ಇಬ್ಬರೇ, ಚಂದ್ರಚೂಡ್ ಮತ್ತು ಕೌಲ್. ಉಳಿದ ಮೂವರು, ಭಟ್, ಕೊಹ್ಲಿ, ನರಸಿಂಹ, ಅದು ಸಂಸತ್ತಿನ ಕೆಲಸ ಎಂದರು. ಮಕ್ಕಳನ್ನು ದತ್ತು ತೆಗೆದುಕೊಳ್ಳುವ ವಿಷಯದಲ್ಲೂ 3ಕ್ಕೆ 2. ಒಲೆ ಸಣ್ಣ ಮಾಡಿದ್ದು ಮರೆತು ಹೋಗಿ ಅವತ್ತು ಹುಳಿ ತಳ ಹಿಡಿಯಿತು.

2025ರ ಜನವರಿ 9ಕ್ಕೆ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು, ತೆರೆದ ಕೋರ್ಟಿನಲ್ಲೂ ಅಲ್ಲ, ಒಳಗೆ ಚೇಂಬರಿನಲ್ಲಿ. ಆ ಹೊತ್ತಿಗೆ ಮೊದಲಿನ ಐವರಲ್ಲಿ ನಾಲ್ವರು ನಿವೃತ್ತಿಯಾಗಿದ್ದರು.

ಇದನ್ನೆಲ್ಲ ನಾನು ಮೇಡಂಗೆ ಒಂದೇ ಉಸಿರಿಗೆ ಹೇಳಿದೆ. ಪಾಠ ಒಪ್ಪಿಸಿದ ಹಾಗೆ. ಅವರು ಕೇಳಿಸಿಕೊಂಡು, “ಹೌದು, ಬಾಗಿಲು ಹಾಕಿದ್ದಾರೆ. ನಾವೀಗ ಹೆಂಚು ತೆಗೆದು ಇಳಿಯೋಣ” ಎಂದರು. ಈ ಆಫೀಸಿಗೆ ನಾನು ಕೊಟ್ಟ 4 ಸ್ಟಾರಿನಲ್ಲಿ ಒಂದು ಆ ಮಾತಿಗೇ.

ಅವರು ಮಾಡಿಸಿದ ಕಾಗದಗಳು ಏನೇನು ಎಂದು ಹೇಳುತ್ತೇನೆ, ನಿಮಗೂ ಉಪಯೋಗಕ್ಕೆ ಬರಲಿ.

ಮೊದಲನೆಯದು ವಿಲ್. ನಮ್ಮ ಕಡೆ ಇದಕ್ಕೆ ಮೃತ್ಯುಪತ್ರ ಎನ್ನುತ್ತಾರೆ, ಹೆಸರು ಕೇಳಿದರೇ ಅರ್ಧ ಜೀವ ಹೋಗುತ್ತದೆ. ಮದುವೆಯಾಗದ ಹಿಂದೂ ಹೆಂಗಸು ವಿಲ್ ಬರೆಯದೆ ಸತ್ತರೆ ಆಸ್ತಿ ಮೊದಲು ಅಪ್ಪ-ಅಮ್ಮನಿಗೆ, ಅವರಿಲ್ಲದಿದ್ದರೆ ಅಪ್ಪನ ಕಡೆಯ ವಾರಸುದಾರರಿಗೆ, ಅಂದರೆ ಅಣ್ಣತಮ್ಮಂದಿರು ಇತ್ಯಾದಿ. 11 ವರ್ಷ ಜೊತೆಗೆ ಗಂಜಿ ಉಂಡವಳು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ವಂಶವೃಕ್ಷ ತೆಗೆದರೆ ನಮ್ಮದು ಎರಡು ಬೇರೆ ಬೇರೆ ಮರ. ವಿಲ್ ಮಾತ್ರ ಯಾರಿಗೆ ಬೇಕಾದರೂ ಬರೆಯಬಹುದು. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು. ರಿಜಿಸ್ಟರ್ ಮಾಡಿಸಲೇಬೇಕು ಎಂದೇನೂ ಇಲ್ಲ, ಆದರೆ ನಿಮ್ಮಂಥವರು ಮಾಡಿಸಿಯೇ ಬಿಡಿ ಎಂದರು.

ಇನ್ನೊಂದು ಮಾತು ಹೇಳಿದರು, ಇದು ನನಗೆ ಹೊಳೆದೇ ಇರಲಿಲ್ಲ. ಒಡಹುಟ್ಟಿದವರನ್ನು ಬಿಟ್ಟು ಹೊರಗಿನವರಿಗೆ ಬರೆದ ವಿಲ್ ಕಂಡರೆ ಕೋರ್ಟಿಗೆ ಸಂಶಯ ಬರುತ್ತದೆ. ಸಂಶಯ ಬರುವ ಹಾಗಿದ್ದರೆ ಅದನ್ನು ನಿವಾರಿಸುವುದು ವಿಲ್ ಹಿಡಿದುಕೊಂಡು ಬಂದವರ ಕೆಲಸ. ಐವತ್ತರ ದಶಕದ ವೆಂಕಟಾಚಲ ಅಯ್ಯಂಗಾರ್ ಕೇಸು, ನಮ್ಮ ಮೈಸೂರಿನದೇ, ಈಗಲೂ ಎಲ್ಲರೂ ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರಂತೆ. ಹಾಗಾಗಿ ಅಣ್ಣನಿಗೆ ಯಾಕೆ ಇಲ್ಲ, ಇವಳಿಗೆ ಯಾಕೆ ಎಂದು ವಿಲ್ಲಿನಲ್ಲೇ ಎರಡು ಸಾಲು ಬರೆಸಿದರು. ಸಾಕ್ಷಿಗೆ ಒಬ್ಬರು ಡಾಕ್ಟರ್ ಇದ್ದರೆ ಒಳ್ಳೆಯದು, ನಿಮಗಿಂತ ಚಿಕ್ಕವರಿದ್ದರೆ ಇನ್ನೂ ಒಳ್ಳೆಯದು ಎಂದರು. ಯಾಕೆ ಎಂದು ಇವಳು ಕೇಳಿದಳು. “ಸಾಕ್ಷಿ ಹೇಳಲು ಅವರು ಬದುಕಿರಬೇಕಲ್ಲ?”

ಎರಡನೆಯದು ಮನೆ. ಇವಳಿಗೆ ಅರ್ಧ ಮನೆ ಈಗಲೇ ನನ್ನ ಹೆಸರಿಗೆ ಮಾಡಬೇಕು ಎಂಬ ಹಠ. ಮೇಡಂ ಟೇಬಲ್ ಮೇಲಿದ್ದ ಯಾರದ್ದೋ ಮದುವೆ ಕಾಗದದ ಲಕೋಟೆ ತಿರುಗಿಸಿ ಅದರ ಬೆನ್ನಿನ ಮೇಲೆ ಲೆಕ್ಕ ಬರೆದರು. ಮನೆ 30 ಲಕ್ಷ ಎಂದು ಹಿಡಿಯಿರಿ, ಅರ್ಧ ಅಂದರೆ 15. ಗಂಡ-ಹೆಂಡತಿಗೆ ದಾನಪತ್ರ ಮಾಡಿದರೆ ಛಾಪಾ ಶುಲ್ಕ ಕೆಲವೇ ಸಾವಿರದಲ್ಲಿ ಮುಗಿಯುತ್ತದೆ. ಹೊರಗಿನವರಿಗೆ ಮಾಡಿದರೆ ನೂರಕ್ಕೆ 5, ಅಂದರೆ 75,000, ಅದರ ಮೇಲೆ ನೋಂದಣಿ ಶುಲ್ಕ, ಸೆಸ್. ಅಷ್ಟಕ್ಕೇ ಮುಗಿಯಲಿಲ್ಲ. ಸಂಬಂಧಿಕರಲ್ಲದವರಿಂದ 50,000ಕ್ಕಿಂತ ಜಾಸ್ತಿ ಬೆಲೆಯದು ಉಡುಗೊರೆಯಾಗಿ ಬಂದರೆ ಅದು ಪಡೆದವರ ಆದಾಯ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಅಂದರೆ ನನ್ನ ಸಂಬಳದ ಮೇಲೆ ಆ ವರ್ಷ 15 ಲಕ್ಷ ಕೂಡಿಕೊಂಡು ತೆರಿಗೆ. ಅದೇ ವಿಲ್ ಮೂಲಕ ಬಂದರೆ ಈ ತೆರಿಗೆ ಇಲ್ಲ. ಇವಳು ಲಕೋಟೆ ನೋಡುತ್ತಾ, “ಅಂದ್ರೆ ಇದ್ದಾಗ ಕೊಟ್ರೆ ದಂಡ, ಸತ್ತು ಕೊಟ್ರೆ ಮಾಫಿ” ಎಂದಳು. ಲಕೋಟೆಯ ಮುಂದಿನ ಬದಿಯಲ್ಲಿ ಗಣಪತಿ ಮತ್ತು ‘ಶುಭವಿವಾಹ’.

ಇದೇ ಉಡುಗೊರೆ ತೆರಿಗೆ ವಿಷಯಕ್ಕೆ 2025ರಲ್ಲಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಗಂಡ-ಹೆಂಡತಿಗೆ ಇರುವ ವಿನಾಯಿತಿ ನಮಗೂ ಬೇಕು ಎಂದು. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಜಿಲ್ಲೆಯೂ ಮುಂಬೈಗೇ ಸೇರಿತ್ತು, 1956ರವರೆಗೆ, ಆಗಿನ ಅಪೀಲುಗಳು ಅಲ್ಲಿಗೇ ಹೋಗುತ್ತಿದ್ದವು. ಈಗ ನಮಗೆ ಧಾರವಾಡ ಪೀಠ. ಅಮೆರಿಕದಲ್ಲೂ ಒಂದು ದೊಡ್ಡ ಕೇಸು ಶುರುವಾದದ್ದು ತೆರಿಗೆಯ ಕಾಗದದಿಂದಲೇ ಎಂದು ನಾನು ಓದಿದ್ದೆ. ಎಡಿತ್ ವಿಂಡ್ಸರ್ ಎಂಬ ಅಜ್ಜಿ, ಸಂಗಾತಿ ಥಿಯಾ 2009ರಲ್ಲಿ ತೀರಿಕೊಂಡಾಗ ಆಸ್ತಿಗೆ 3,63,053 ಡಾಲರ್ ತೆರಿಗೆ ಕಟ್ಟು ಎಂದರು. ಅವರಿಬ್ಬರೂ ಕೆನಡಾದಲ್ಲಿ ಮದುವೆಯಾಗಿದ್ದರು, ಆದರೆ ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಪರಕೀಯಳು. ಗಂಡಸಾಗಿದ್ದರೆ ಒಂದು ಪೈಸೆ ಇರಲಿಲ್ಲ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಜ್ಜಿ ಗೆದ್ದಳು, 5ಕ್ಕೆ 4. ಎರಡೇ ವರ್ಷಕ್ಕೆ, 2015ರ ಜೂನ್ 26ಕ್ಕೆ, ಅಲ್ಲಿ ಎಲ್ಲ ರಾಜ್ಯಗಳಲ್ಲೂ ಮದುವೆಯ ಹಕ್ಕೇ ಬಂತು. ಇದನ್ನು ಹೇಳಿದಾಗ ಮೇಡಂ, “ನಿಮ್ಮ ಮನೆ ಬೆಲೆಗೆ ಅಷ್ಟು ದೊಡ್ಡ ಕೇಸು ಬರೋದಿಲ್ಲ ಬಿಡಿ” ಎಂದು ನಕ್ಕರು.

ಮೂರನೆಯದು ಆಸ್ಪತ್ರೆ. ಇದಕ್ಕೆ ಮೂರು ಕಾಗದ. ಪ್ರಜ್ಞೆ ಇರುವ ದೊಡ್ಡವರ ಸಹಿ ಅವರದ್ದೇ ಸಾಕು, ರಕ್ತ ಸಂಬಂಧಿ ಬೇಕು ಎಂದು ಆಸ್ಪತ್ರೆಯವರು ಕೇಳುವುದು ತಮ್ಮ ರಕ್ಷಣೆಗೆ ಎಂದರು. ಹಾಗಾಗಿ ‘ನನ್ನ ಪರವಾಗಿ ಇವಳು ಮಾತಾಡುತ್ತಾಳೆ, ಇವಳಿಗೆ ಎಲ್ಲ ತಿಳಿಸಿ’ ಎಂದು ಒಂದು ಅಧಿಕಾರ ಪತ್ರ. ಎರಡನೆಯದು ಜೀವ ಉಳಿಯುವುದಿಲ್ಲ ಎಂಬ ಸ್ಥಿತಿ ಬಂದರೆ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂದು ಮುಂಚೆಯೇ ಬರೆದಿಡುವುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅವಕಾಶ ಕೊಟ್ಟಿತು, ಆಗ ಮ್ಯಾಜಿಸ್ಟ್ರೇಟ್ ತನಕ ಓಡಬೇಕಿತ್ತು, 2023ರಲ್ಲಿ ಸುಲಭ ಮಾಡಿದರು, ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಮೂರನೆಯದು ನನಗೆ ಜಾಸ್ತಿ ಇಷ್ಟವಾದದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾವ ವಯಸ್ಕರೂ ತಮಗೆ ಬೇಕಾದವರನ್ನು ಪ್ರತಿನಿಧಿ ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು. ಸಂಬಂಧಿಕರೇ ಆಗಬೇಕೆಂದಿಲ್ಲ. ಇವಳ ಮನಸ್ಸಿಗೆ ಕಾಯಿಲೆ ಬಂದರೆ ನನ್ನ ಮಾತು ನಡೆಯುತ್ತದೆ, ಹೊಟ್ಟೆಗೆ ಬಂದರೆ ಅಣ್ಣ ಬರಬೇಕು! ಸಂಗಾತಿಯನ್ನೇ ವೈದ್ಯಕೀಯ ಪ್ರತಿನಿಧಿ ಎಂದು ಒಪ್ಪಬೇಕು ಎಂದು ದೆಹಲಿ ಹೈಕೋರ್ಟಿನಲ್ಲೂ 2025ರಲ್ಲಿ ಅರ್ಜಿ ಬಿದ್ದಿದೆ.

ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೂಡ ಮಾಡಿಸಿದೆವು, ಒಬ್ಬರ ಪರವಾಗಿ ಇನ್ನೊಬ್ಬರು ಬ್ಯಾಂಕು, ಕರೆಂಟು, ನಗರಸಭೆ ಓಡಾಡಲು. ಆದರೆ ಬರೆದುಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದು ರದ್ದಿ ಕಾಗದ, ಬುದ್ಧಿ ಸ್ವಾಧೀನ ತಪ್ಪಿದರೂ ಹಾಗೆಯೇ. ಎಲ್ಲ ಸೇರಿಸಿ ನೋಡಿದರೆ ಇದು ನಮ್ಮ ಊರಿನ ಸೋಗೆ ಮಾಡಿನ ಹಾಗೆ. ಮಳೆ ತಡೆಯುತ್ತದೆ, ಆದರೆ ವರ್ಷ ವರ್ಷ ಹೊದಿಸುತ್ತಿರಬೇಕು, ಎಲ್ಲಿ ತೂತಾಗಿದೆ ಎಂದು ಗೊತ್ತಾಗುವುದು ಸೋರಿದ ಮೇಲೆಯೇ.

ಬ್ಯಾಂಕಿನ ಕೆಲಸ ಸುಲಭ ಆಯಿತು, ಅದೂ ಮೇಡಂ ಕೊಟ್ಟ ಒಂದು ಪ್ರಿಂಟ್‌ಔಟ್‌ನಿಂದ. 2023ರ ತೀರ್ಪಿನ ಕೊನೆಗೆ ಸರ್ಕಾರ ಒಂದು ಸಮಿತಿ ಮಾಡುತ್ತೇನೆ ಎಂದಿತ್ತಲ್ಲ, ಅದರಿಂದ ಹೊರಗೆ ಬಂದದ್ದು ಇಷ್ಟು: ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರದ ಹಣಕಾಸು ಇಲಾಖೆ 2024ರ ಆಗಸ್ಟ್ 28ಕ್ಕೆ ಹೇಳಿತು. ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಎಂದು ಸೇರಿಸಿ ಎಂದೂ ರಾಜ್ಯಗಳಿಗೆ ಪತ್ರ ಹೋಯಿತು. ಬ್ಯಾಂಕಿನವರು ಪ್ರಿಂಟ್ ಓದಿ, ಸಂಬಂಧ ಎಂಬಲ್ಲಿ ‘ಫ್ರೆಂಡ್’ ಎಂದು ಟೈಪ್ ಮಾಡಿ ಮುಗಿಸಿದರು. ರೇಷನ್ ಕಾರ್ಡಿಗೆ ನಾವಿನ್ನೂ ಹೋಗಿಲ್ಲ. ಒಂದೇ ಕಾರ್ಡಿಗೆ ಬಂದರೆ ಗೃಹಲಕ್ಷ್ಮಿಯ ಯಜಮಾನಿ ಯಾರು ಎಂದು ನಮ್ಮಲ್ಲೇ ಜಗಳ ಶುರುವಾದೀತು, ತಿಂಗಳಿಗೆ 2,000 ರೂಪಾಯಿಯ ಪ್ರಶ್ನೆ. ನಾಮಿನಿ ಆದರೆ ಹಣ ನಿಮ್ಮದಾಯಿತು ಎಂದುಕೊಳ್ಳಬೇಡಿ. ನಾಮಿನಿ ಅಂದರೆ ಹಣ ಇಸಿದುಕೊಂಡು ವಾರಸುದಾರರಿಗೆ ಕೊಡುವವರು ಅಷ್ಟೇ, ವಿಲ್ ಇದ್ದರೆ ಮಾತ್ರ ನಿಮ್ಮದು. ಇದು ನನಗೆ ಗೊತ್ತೇ ಇರಲಿಲ್ಲ. ಶಾಲೆಯ ಪಿಎಫ್‌ ಮಾತ್ರ ಕೈಗೆ ಬರಲಿಲ್ಲ. ಅಲ್ಲಿ ಕುಟುಂಬ ಎಂದರೆ ಯಾರು ಎಂದು ಪಟ್ಟಿ ಇದೆ, ನನ್ನ ಮೇಲೆ ಅವಲಂಬಿತಳಾದ ಆಯಿ ಇರುವಾಗ ಹೊರಗಿನವರ ಹೆಸರು ಹಾಕಲು ಬರುವುದಿಲ್ಲ.

ಈಗ ತಪ್ಪುಗಳಿಗೆ ಬರುತ್ತೇನೆ.

ಮೂರು ವಾರ ಎಂದಿದ್ದರು, ಹನ್ನೊಂದು ವಾರ ಹಿಡಿಯಿತು. ಫೋನ್ ಮಾಡಿದರೆ ಎತ್ತುವುದು ಗುಮಾಸ್ತರು, ಅವರ ಉತ್ತರ ಯಾವಾಗಲೂ “ಟೈಪಿಗೆ ಹೋಗಿದೆ”. ಒಂದು ದಿನ ಕಾಯುವ ಜಾಗದಲ್ಲಿ ಏಳೆಂಟು ಜನ ಕೂತಿದ್ದಾಗ ಅದೇ ಗುಮಾಸ್ತರು ಒಳಗಿನಿಂದ, “ಆ ಇಬ್ರು ಹೆಂಗಸರ ಫೈಲ್ ಯಾವ ಕಪಾಟಲ್ಲುಂಟು?” ಎಂದು ಕೂಗಿದರು. ಎಲ್ಲರೂ ತಿರುಗಿ ನೋಡಿದರು. ಕಾರವಾರ ಎಷ್ಟು ದೊಡ್ಡ ಊರು ಹೇಳಿ? ನನ್ನ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರೂ ಅಲ್ಲಿಗೆ ಬರುತ್ತಾರೆ. ನಾನು ಒಳಗೆ ಹೋಗಿ ನೇರವಾಗಿಯೇ ಹೇಳಿದೆ. ಮೇಡಂ ಗುಮಾಸ್ತರನ್ನು ನನ್ನ ಎದುರಿಗೆ ಬೈಯಲಿಲ್ಲ, ಆದರೆ ಮುಂದಿನ ಸಲ ಹೋದಾಗ ಫೈಲುಗಳ ಮೇಲೆಲ್ಲ ನಂಬರ್ ಬಂದಿತ್ತು. ನಮ್ಮದು 114. ಆದರೂ ಕಡಿಮೆಯಾದ ಒಂದು ಸ್ಟಾರ್ ಇದಕ್ಕೇ.

ಇನ್ನೊಂದು ತಪ್ಪನ್ನು ನಾನು ತಪ್ಪು ಎಂದು ಎಣಿಸುವುದೋ ಬೇಡವೋ ಗೊತ್ತಿಲ್ಲ. ವಿಲ್ಲಿನ ಮೊದಲ ಕರಡು ಬಂತು. ಟೈಪ್ ಮಾಡುವ ಹುಡುಗಿ ಯಾರದ್ದೋ ಹಳೇ ವಿಲ್ ತೆಗೆದು ಅದರಲ್ಲೇ ಹೆಸರು ಬದಲಾಯಿಸಿದ್ದಾಳೆ. ಎರಡನೇ ಪುಟದಲ್ಲಿ, ‘ನನ್ನ ನಂತರ ಸದರಿ ಮನೆಯು ನನ್ನ ಪತಿಯಾದ ಶ್ರೀಮತಿ’ ಎಂದು ಬರೆದು ಮುಂದೆ ನನ್ನ ಹೆಸರು. ಇವಳು ಓದುತ್ತಾ ಅಲ್ಲಿಗೆ ಬಂದು ನಿಂತಳು. ಬೆರಳಿಟ್ಟು ನನಗೆ ತೋರಿಸಿದಳು. ಇಬ್ಬರಿಗೂ ಆ ಕುರ್ಚಿಯಲ್ಲಿ ಕೂತು ನಗು ತಡೆಯಲಾಗಲಿಲ್ಲ, ಜಮೀನು ಜಗಳದವರು ನಮ್ಮನ್ನೇ ನೋಡುತ್ತಿದ್ದರು. ಇವಳಿಗೆ ಅದನ್ನು ಹಾಗೇ ಬಿಡಬೇಕು ಎಂದು ಆಸೆ. “ಎರಡು ಹೊಡೆತಕ್ಕೆ ವಿಲ್ ಬಿದ್ದು ಹೋಗ್ತದೆ” ಎಂದು ಮೇಡಂ ಕೆಂಪು ಪೆನ್ನಿನಲ್ಲಿ ಗೀಟು ಎಳೆದರು. ಮತ್ತೆ ಅಲ್ಲಿ ಏನು ಬರೆಯುವುದು? ‘ಸ್ನೇಹಿತೆ’ ಎಂದರೆ ಕಡಿಮೆ. ‘ಸಂಗಾತಿ’ ಎಂದರೆ ನಾಳೆ ಅಣ್ಣನ ಕಡೆಯ ವಕೀಲ ಅದನ್ನೇ ಹಿಡಿದು ಎಳೆಯುತ್ತಾನೆ. ಬಹಳ ಹೊತ್ತು ಯೋಚಿಸಿ ಮೇಡಂ ಬರೆಸಿದ್ದು: ‘2014ನೇ ಇಸವಿಯಿಂದ ನನ್ನೊಡನೆ ಒಂದೇ ಮನೆಯಲ್ಲಿ ಬಾಳಿಕೊಂಡು, ನನ್ನ ಕಷ್ಟಸುಖ, ಔಷಧ ಉಪಚಾರ ನೋಡಿಕೊಂಡು ಬಂದಿರುವ’. ನನಗೆ ಇದು ಪತಿ ಎಂಬ ಪದಕ್ಕಿಂತ ಜಾಸ್ತಿಯೇ ಆಯಿತು ಅನ್ನಿಸಿತು. ಕರಡಿನ ಆ ಪುಟವನ್ನು ಇವಳು ಕೇಳಿ ಇಸಿದುಕೊಂಡು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟಿದ್ದಾಳೆ.

ರಿಜಿಸ್ಟರ್ ದಿನ ಎಲ್ಲ ಸಲೀಸು. ಕಾವೇರಿ ತಂತ್ರಾಂಶದಲ್ಲಿ ಮುಂಚೆಯೇ ದಿನ ತೆಗೆದುಕೊಂಡಿದ್ದರು. ಫೋಟೋ, ಹೆಬ್ಬೆಟ್ಟು, ಸಹಿ. ಒಬ್ಬರು ಸಾಕ್ಷಿ ಇವಳಿಗೆ ಔಷಧ ಕೊಡುವ ಡಾಕ್ಟರು. ಇನ್ನೊಬ್ಬರು ಪಕ್ಕದ ಮನೆ ಬಾಯಿ, ಕೊಂಕಣಿಯವರು. ಸಾಕ್ಷಿಗೆ ಒಳಗಿರುವುದು ಓದಿ ಹೇಳಬೇಕಾಗಿಲ್ಲ, ಬರೆದವರು ಸಹಿ ಹಾಕಿದ್ದನ್ನು ನೋಡಿದರೆ ಸಾಕು ಎಂದು ಮೇಡಂ ಹೇಳಿದ್ದರು. ಆದರೂ ಬಾಯಿ ಕನ್ನಡಕ ಹಾಕಿಕೊಂಡು ಎರಡನೇ ಪುಟ ಪೂರ್ತಿ ಓದಿದರು. ಔಷಧ ಉಪಚಾರ ಎಂಬಲ್ಲಿ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದರು. ಆಮೇಲೆ “ಸಹಿ ಇಲ್ಲಿಯಾ, ಅಲ್ಲಿಯಾ?” ಎಂದು ಕೇಳಿದರು. ಅಷ್ಟೇ. ಸಂಜೆ ಏಡಿ ಸಾರು ಕಳಿಸಿದ್ದರು, ನಾನು ತಿನ್ನುವುದಿಲ್ಲ ಎಂದು ಗೊತ್ತಿರುವುದರಿಂದ ಜೊತೆಗೆ ಒಂದು ಬಟ್ಟಲು ಅಂಬಟೆಕಾಯಿ ಗೊಜ್ಜು.

ಶುಲ್ಕ ಇಬ್ಬರದ್ದೂ ಎಲ್ಲ ಕಾಗದ ಸೇರಿ 14,500. ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಕೇಳಿದ್ದರು. ಕಂತಿನಲ್ಲಿ ಕೊಡಬಹುದು. ರಸೀದಿ ಕೇಳಿ ತೆಗೆದುಕೊಳ್ಳಬೇಕು, ತಾವಾಗಿ ಕೊಡುವುದಿಲ್ಲ. ಫೈಲಿನ ಹಿಂದೆ ಮದ್ರಾಸ್ ಹೈಕೋರ್ಟಿನ 2025ರ ಮೇ ತಿಂಗಳ ಒಂದು ತೀರ್ಪನ್ನೂ ಪುಕ್ಕಟೆಯಾಗಿ ಸೇರಿಸಿ ಕೊಟ್ಟಿದ್ದಾರೆ. ಇಬ್ಬರು ಹುಡುಗಿಯರ ಕೇಸು, ಒಬ್ಬಳನ್ನು ಮನೆಯವರು ಕೂಡಿಹಾಕಿದ್ದರು. ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದು ಅದರಲ್ಲಿದೆ. ಮದ್ರಾಸಿನದು ಧಾರವಾಡದವರು ಒಪ್ಪಲೇಬೇಕೆಂದಿಲ್ಲ, ಆದರೆ ತೋರಿಸಲು ಬರುತ್ತದೆ ಎಂದರು. ಆ ಸಾಲಿನ ಕೆಳಗೆ ಅದೇ ಕೆಂಪು ಪೆನ್ನಿನ ಗೀಟು.

ಒಂದು ವಿಷಯ ಇಬ್ಬರಿಗೂ ಹೊಳೆಯದೇ ಹೋಯಿತು. ಕಾಗದ ಎಲ್ಲ ಕನ್ನಡದಲ್ಲಿವೆ. ನಮ್ಮ ಜಿಲ್ಲೆಯ ಗತಿ ನಿಮಗೆ ಗೊತ್ತಲ್ಲ, ಸ್ವಲ್ಪ ಸೀರಿಯಸ್ ಆದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಇಲ್ಲದಿದ್ದರೆ ಗೋವಾ. ದೊಡ್ಡ ಆಸ್ಪತ್ರೆ ಬೇಕು ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಕಾರವಾರದಿಂದ ಆಂಬುಲೆನ್ಸ್ ಗೋವಾ ಗಡಿಯ ಮಾಜಾಳಿ ದಾಟಿದರೆ ನಮ್ಮ ಕನ್ನಡದ ಅಧಿಕಾರ ಪತ್ರವನ್ನು ಕೌಂಟರಿನಲ್ಲಿ ಯಾರು ಓದುತ್ತಾರೆ? ಇದು ಇವಳಿಗೆ ಹೊಳೆದದ್ದು, ಎಲ್ಲ ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ. ಮರುದಿನ ಹೋಗಿ ಹೇಳಿದಾಗ ಮೇಡಂ ಹಣೆ ಬಡಿದುಕೊಂಡರು. ಆಸ್ಪತ್ರೆಯ ಮೂರು ಕಾಗದ ಇಂಗ್ಲಿಷಿನಲ್ಲಿ ಮಾಡಿಸಲು ಇನ್ನೂ 1,200 ತೆಗೆದುಕೊಂಡಿದ್ದಾರೆ. ನೀವು ಹೋಗುವುದಿದ್ದರೆ ಮೊದಲ ದಿನವೇ ಎರಡೂ ಭಾಷೆಯಲ್ಲಿ ಬೇಕು ಎಂದು ಹೇಳಿ. ಆಧಾರ್, ಪ್ಯಾನ್, ಮನೆಯ ದಸ್ತಾವೇಜು, ಎರಡೆರಡು ಫೋಟೋ ಒಯ್ಯಿರಿ. ಬೆಳಿಗ್ಗೆ ಹೋಗಬೇಡಿ, ಅವರು ಕೋರ್ಟಿನಲ್ಲಿರುತ್ತಾರೆ. ಸಂಜೆ ಐದೂವರೆಯ ಮೇಲೆ ಹೋದರೆ ಸಿಗುತ್ತಾರೆ, ಗುಮಾಸ್ತರೂ ಮನೆಗೆ ಹೋಗಿರುತ್ತಾರೆ.

ನಮ್ಮ ಇಂಗ್ಲಿಷ್ ಪ್ರತಿಗಳು ಇನ್ನೂ ಕೈಗೆ ಬಂದಿಲ್ಲ. ಸೋಮವಾರ ಬನ್ನಿ ಎಂದಿದ್ದಾರೆ. ಯಾವ ಸೋಮವಾರ ಎಂದು ಕೇಳುವುದು ಮರೆತೆ.